ಕೊಂಡಿ ಬಿಚ್ಚಿದರೆ ಇಳಿಯುವ ಮನೆ

ಕ್ಯಾಲಿಫೋರ್ನಿಯಾ, ಆರೆಗಾನ್, ವಾಷಿಂಗ್ಟನ್ ಸೀಮೆಗಳಲ್ಲಿ ಪಿಕಪ್ ಟ್ರಕ್ಕಿನ ಬೆನ್ನಿಗೆ ಕ್ಯಾಂಪರ್ ಏರಿಸಿಕೊಂಡು, ಅದನ್ನು ಮೋಟರ್‌ಹೋಮ್ ಎಂದು ಬರೆಸಬೇಕೋ ಬೇಡವೋ ಎಂದು ತಲೆ ಕೆರೆದುಕೊಳ್ಳುತ್ತಿರುವ ಕನ್ನಡಿಗ ಬಂಧುಗಳೇ,



ಸವದತ್ತಿ ಎಲ್ಲಮ್ಮನ ಜಾತ್ರೆಗೆ ಹೊರಟ ಚಕ್ಕಡಿಗಳನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರುತ್ತೀರಿ. ತಿಪ್ಪೆಯ ಗೊಬ್ಬರ, ಹೊಲದ ಕಣಿಕೆ ಹೊರುವ ಅದೇ ಗಾಡಿಗೆ ಬನದ ಹುಣ್ಣಿಮೆ ಸಮೀಪಿಸುತ್ತಲೇ ಕೊಲ್ಲಾರಿ ಏರುತ್ತದೆ. ಮೇಲೆ ಬಿದಿರಿನ ಕಮಾನು, ಕೆಳಗೆ ಹುಲ್ಲು, ಹುಲ್ಲಿನ ಮೇಲೆ ಕಂಬಳಿ, ಮೂಲೆಯಲ್ಲಿ ರೊಟ್ಟಿಯ ಗಂಟು. ನಾಲ್ಕಾರು ದಿನ ಇಡೀ ಸಂಸಾರ ಅದರಲ್ಲೇ. ಜಾತ್ರೆ ಮುಗಿಸಿ ಬಂದ ಮೇಲೆ ಕೊಲ್ಲಾರಿ ಇಳಿದು ಅಟ್ಟ ಸೇರುತ್ತದೆ, ಗಾಡಿ ಮತ್ತೆ ಗೊಬ್ಬರಕ್ಕೆ ಹೋಗುತ್ತದೆ. ಇದು ಗಾಡಿಯೋ ಮನೆಯೋ ಎಂದು ಯಾವ ಶಾನುಭೋಗರೂ ಕೇಳಿದ್ದಿಲ್ಲ.

ಕ್ಯಾಲಿಫೋರ್ನಿಯಾದ ಶಾನುಭೋಗರು ಕೇಳುತ್ತಾರೆ. ವಾಹನ ನೋಂದಣಿಯ ಅವರ ಕಚೇರಿಯ ಹೆಸರು ಡಿಎಂವಿ. ಅಲ್ಲಿ ಕಿಟಕಿಯ ಮುಂದೆ ನಿಂತವರು ಒಳಗಿನ ಹಾಸಿಗೆ, ಗ್ಯಾಸ್ ಒಲೆ, ಪುಟ್ಟ ಫ್ರಿಜ್ಜಿನ ವರ್ಣನೆ ಶುರು ಮಾಡುತ್ತಾರೆ. ಅಡುಗೆಮನೆ ಇದೆಯೆಂದ ಮೇಲೆ ಮನೆಯೇ ತಾನೇ ಎಂಬುದು ಅವರ ವಾದ. ಆದರೆ ಕಾನೂನು ಒಳಗೆ ಇಣುಕುವ ಮೊದಲು ಕೆಳಗೆ ಬಗ್ಗಿ ನೋಡುತ್ತದೆ: ಕ್ಯಾಂಪರ್ ಟ್ರಕ್ಕಿಗೆ ಕೂತಿರುವುದು ಹೇಗೆ?

ಆ ರಾಜ್ಯದ ವಾಹನ ಸಂಹಿತೆಯಲ್ಲಿ ಮೋಟರ್‌ಹೋಮಿಗೆ ಇರುವ ಹಳೆಯ ಹೆಸರು 'ಹೌಸ್ ಕಾರ್'. ಅದರ ವ್ಯಾಖ್ಯೆ 362ನೇ ಕಲಮಿನಲ್ಲಿದೆ. ಮನುಷ್ಯವಾಸಕ್ಕೆಂದೇ ಮೊದಲಿನಿಂದ ರೂಪಿಸಿದ್ದು, ಅಥವಾ ಆಮೇಲೆ ಶಾಶ್ವತವಾಗಿ ಮಾರ್ಪಡಿಸಿದ್ದು, ಇಲ್ಲವೇ ಕ್ಯಾಂಪರನ್ನು ಶಾಶ್ವತವಾಗಿ ಜೋಡಿಸಿದ್ದು ಹೌಸ್ ಕಾರ್ ಎನಿಸಿಕೊಳ್ಳುತ್ತದೆ. ತಾತ್ಕಾಲಿಕವಾಗಿ ಏರಿಸಿದ ಕ್ಯಾಂಪರಿಗೆ ಆ ಭಾಗ್ಯವಿಲ್ಲ. ಇದಕ್ಕೊಂದು ವಿಚಿತ್ರ ಅಪವಾದವೂ ಉಂಟು. ಕ್ಯಾಂಪರಿಗೆ ತನ್ನ ಭಾರದ ಒಂದು ಪಾಲನ್ನು ಹೊರುವ ಸ್ವಂತ ಅಚ್ಚು ಇದ್ದರೆ, ಅದು ಹೇಗೇ ಜೋಡಣೆಯಾಗಿರಲಿ, ರಸ್ತೆ ನಿಯಮಗಳ ಮಟ್ಟಿಗೆ ಅದನ್ನು ಮೂರು ಅಚ್ಚಿನ ಹೌಸ್ ಕಾರ್ ಎಂದೇ ಎಣಿಸುತ್ತಾರೆ. ಅಂಥದ್ದು ನಿಮ್ಮ ಬಳಿ ಇರುವ ಸಂಭವ ಕಡಿಮೆ. ನಿಮ್ಮದು ಬಹುತೇಕ ನಾಲ್ಕು ಜ್ಯಾಕುಗಳ ಮೇಲೆ ಎತ್ತಿ, ಟ್ರಕ್ಕನ್ನು ಅದರಡಿ ಹಿಮ್ಮುಖವಾಗಿ ತಂದು, ನಾಲ್ಕು ಮೂಲೆಗೆ ತಿರುಪುಕೊಂಡಿ ಬಿಗಿದು ಕೂರಿಸಿದ್ದು. ಕೊಂಡಿ ಬಿಚ್ಚಿ ಜ್ಯಾಕು ಏರಿಸಿದರೆ ಅರ್ಧ ಗಂಟೆಯಲ್ಲಿ ಮನೆ ಅಂಗಳದಲ್ಲಿ, ಟ್ರಕ್ಕು ಹೋಮ್ ಡಿಪೋ ದಾರಿಯಲ್ಲಿ. ಸಂಹಿತೆಯ ಕಣ್ಣಿಗೆ ಅದು ಹೊರೆ. ಕಣಿಕೆ ಇದ್ದ ಹಾಗೆ.

ಹಾಗಿದ್ದೂ ಈ ಆಸೆ ಹುಟ್ಟುವುದಕ್ಕೆ ಕಾರಣವಿದೆ. ಕ್ಯಾಲಿಫೋರ್ನಿಯಾದಲ್ಲಿ ಪಿಕಪ್ ಕೊಂಡರೆ ವಾಣಿಜ್ಯ ಫಲಕ ಕಟ್ಟಿಟ್ಟದ್ದು. ಮಕ್ಕಳನ್ನು ಭಾನುವಾರದ ಕನ್ನಡ ತರಗತಿಗೆ ಬಿಟ್ಟು ಬರುವುದಕ್ಕಷ್ಟೇ ಅದನ್ನು ಓಡಿಸಿದರೂ ಕಾಗದದಲ್ಲಿ ಅದು ಸರಕಿನ ಗಾಡಿ. ಕಾರಿನವರು ಕಟ್ಟದ ತೂಕದ ಶುಲ್ಕವನ್ನು ಅದಕ್ಕೆ ವರ್ಷವರ್ಷ ಕಟ್ಟಬೇಕು. ಎರಡು ಅಚ್ಚಿನ, ಖಾಲಿ ತೂಕ 5,001ರಿಂದ 6,000 ಪೌಂಡಿನ ಗಾಡಿಗೆ 154 ಡಾಲರ್, 6,001ರಿಂದ 7,000ದವರೆಗೆ 204 ಡಾಲರ್. ಮುಕ್ಕಾಲು ಟನ್ ದರ್ಜೆಯ ಟ್ರಕ್ಕುಗಳು ಸಾಮಾನ್ಯವಾಗಿ ಈ ಎರಡನೆಯ ಮೆಟ್ಟಿಲಿನಲ್ಲಿ ನಿಲ್ಲುತ್ತವೆ. ಕ್ಯಾಂಪರನ್ನು ಶಾಶ್ವತವಾಗಿ ಜೋಡಿಸಿ ಹೌಸ್ ಕಾರ್ ಎನಿಸಿಕೊಂಡರೆ ಗಾಡಿ ಪ್ರಯಾಣಿಕ ವರ್ಗಕ್ಕೆ ಬರುತ್ತದೆ, ಈ ಬಾಬತ್ತು ಹೋಗುತ್ತದೆ. ಊಟದ ಮೇಜಿನಲ್ಲಿ ಯಾರಾದರೊಬ್ಬರು ಈ ಸುದ್ದಿ ಎತ್ತಿದರೆ ಸಾಕು, ಮರುದಿನ ಮೂವರು ಡಿಎಂವಿ ಸಮಯ ಕಾದಿರಿಸುತ್ತಾರೆ.

ಇನ್ನೊಂದು ತಟ್ಟೆಯನ್ನೂ ತೂಗಬೇಕಲ್ಲ. ಬದಲಾವಣೆಗೆ ತುಂಬಬೇಕಾದ ಹಾಳೆಗಳಲ್ಲಿ ರೆಗ್ 256 ಎಂಬ ಹೇಳಿಕೆ ಪತ್ರ ಮುಖ್ಯ. ಅದರಲ್ಲಿ ವಾಹನದ ದೇಹ ಬದಲಾವಣೆಗೆಂದೇ ಒಂದು ಭಾಗವಿದೆ. ಗಾಡಿಯ ಈಗಿನ ಮಾರುಕಟ್ಟೆ ಬೆಲೆ ಎಷ್ಟು, ಬದಲಾವಣೆಗೆ ತಗುಲಿದ ಖರ್ಚು ಎಷ್ಟು, ಯಾವ ದಿನ ಮಾಡಿದ್ದು, ಏನೇನು ಬದಲಾಯಿತು ಎಂದು ಅದು ಕೇಳುತ್ತದೆ. ಖಾಲಿ ತೂಕ ಬದಲಾಗಿದ್ದರೆ ಸಾರ್ವಜನಿಕ ತೂಕಮಾಪಕರ ಪ್ರಮಾಣಪತ್ರ ಬೇಕು. ಬೆಲೆ ಕೇಳುವುದು ಕುಶಲೋಪರಿಗಲ್ಲ. ಆ ರಾಜ್ಯದ ವಾಹನ ಪರವಾನಗಿ ಶುಲ್ಕ ಬೆಲೆಯ ಶೇಕಡಾ 0.65. ಮೂವತ್ತು ಸಾವಿರ ಡಾಲರಿನ ಹೊಸ ಕ್ಯಾಂಪರ್ ಗಾಡಿಯ ಬೆಲೆಯೊಳಗೆ ಸೇರಿಕೊಂಡರೆ ಮೊದಲ ವರ್ಷಕ್ಕೆ 195 ಡಾಲರ್. ಅತ್ತ ಉಳಿದ 204, ಇತ್ತ ಹೋದ 195. ಲಾಭ ಒಂಬತ್ತು ಡಾಲರ್. ವರ್ಷ ಕಳೆದಂತೆ ಬೆಲೆ ಇಳಿಯುತ್ತದೆ, ಶುಲ್ಕವೂ ಇಳಿಯುತ್ತದೆ, ನಿಜ. ಹಳೆಯ ಅಗ್ಗದ ಕ್ಯಾಂಪರಾದರೆ ಲೆಕ್ಕ ನಿಮ್ಮ ಕಡೆಗೇ ವಾಲುತ್ತದೆ. ಆದರೆ ಆ ಉಳಿತಾಯಕ್ಕೆ ತೆರುವ ಬೆಲೆ ಕ್ಯಾಂಪರನ್ನು ಇಳಿಸುವ ಸ್ವಾತಂತ್ರ್ಯ. ಹೌಸ್ ಕಾರ್ ಎಂದು ಸಹಿ ಹಾಕಿದವರು ಮುಂದಿನ ತಿಂಗಳು ಕ್ಯಾಂಪರ್ ಇಳಿಸಿ ಮರಳು ತುಂಬಿದರೆ, ಸಹಿ ಹಾಕಿದ ಹೇಳಿಕೆ ಸುಳ್ಳಾಗುತ್ತದೆ. ಆ ಹಾಳೆಯ ಕೆಳಗೆ ಸುಳ್ಳುಸಾಕ್ಷಿಯ ಎಚ್ಚರಿಕೆ ಇರುವುದು ಅಲಂಕಾರಕ್ಕಲ್ಲ.

ರೋಸಿನಾಂಟೆ ಎಂಬ ಹಳೆಯ ಕ್ಯಾಂಪರ್ ಗಾಡಿಯ ಕತೆ ಇಲ್ಲಿ ನೆನಪಾಗುತ್ತದೆ. 1960ರ ಶರತ್ಕಾಲದಲ್ಲಿ, ಐವತ್ತೆಂಟರ ವಯಸ್ಸಿನ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ ಚಾರ್ಲಿ ಎಂಬ ಪೂಡಲ್ ನಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಮೆರಿಕ ಸುತ್ತಲು ಹೊರಟದ್ದು ಜಿಎಂಸಿ ಪಿಕಪ್ಪಿನಲ್ಲಿ. ಅದರ ಬೆನ್ನ ಮೇಲೆ ಮಿಷಿಗನ್ನಿನ ಗ್ಲ್ಯಾಡ್ವಿನ್ ಊರಿನ ವುಲ್ವರಿನ್ ಕಂಪನಿಯ ಕ್ಯಾಂಪರ್. ಡಾನ್ ಕಿಹೋಟೆಯ ಬಡಕಲು ಕುದುರೆಯ ಹೆಸರನ್ನೇ ಅವರು ಈ ಗಾಡಿಗೆ ಇಟ್ಟರು. ಆ ಪ್ರಯಾಣದ ಪುಸ್ತಕ 'ಟ್ರಾವೆಲ್ಸ್ ವಿತ್ ಚಾರ್ಲಿ' ಪ್ರಕಟವಾದದ್ದು 1962ರಲ್ಲಿ. ನೊಬೆಲ್ ಬಂದದ್ದೂ ಅದೇ ವರ್ಷ. ಗಾಡಿ ಈಗ ಅವರ ಹುಟ್ಟೂರು ಸಲೀನಾಸಿನ ನ್ಯಾಷನಲ್ ಸ್ಟೈನ್‌ಬೆಕ್ ಸೆಂಟರಿನಲ್ಲಿದೆ. ಸ್ಯಾನ್ ಹೋಸೆಯಿಂದ ದಕ್ಷಿಣಕ್ಕೆ ಒಂದು ಗಂಟೆಯ ಹಾದಿ. ಕ್ಯಾಂಪರ್ ಕೊಳ್ಳುವ ಮುನ್ನ ಅಂಗಡಿಗಳಿಗೆ ಹತ್ತು ಸಲ ಅಲೆಯುವವರು ಅಲ್ಲಿಗೊಮ್ಮೆ ಹೋಗಿ ಬರಬಹುದು. ಒಂದು ಟ್ರಕ್ಕಿನ ಹಿಂದೆ ಎಷ್ಟು ಕಡಿಮೆ ಜಾಗದಲ್ಲಿ ಒಬ್ಬ ಮನುಷ್ಯ ಮತ್ತು ಒಂದು ನಾಯಿ ಬಾಳಬಹುದೆಂಬುದು ಕಣ್ಣಿಗೇ ಕಾಣುತ್ತದೆ.

ಆ ರೋಸಿನಾಂಟೆಯಲ್ಲಿ ಜೋಡಿ ಹಾಸಿಗೆ, ಒಲೆ, ಹೀಟರು, ಫ್ರಿಜ್ಜು, ರಾಸಾಯನಿಕ ಶೌಚ ಎಲ್ಲವೂ ಇದ್ದವು. ಇಂದಿನ ಸರ್ಕಾರಿ ಕಚೇರಿಗಳ ಮುಂದೆ ಅದನ್ನು ಒಂದೊಂದಾಗಿ ನಿಲ್ಲಿಸಿದರೆ ತಮಾಷೆ ಶುರುವಾಗುತ್ತದೆ. ಒಕ್ಕೂಟ ಸರ್ಕಾರದ ವಾಹನ ಸುರಕ್ಷತಾ ನಿಯಮ ಮೋಟರ್‌ಹೋಮಿಗೆ ಆರು ಸೌಕರ್ಯಗಳ ಪಟ್ಟಿ ಕೊಟ್ಟು, ಕನಿಷ್ಠ ನಾಲ್ಕಾದರೂ ಇರಲಿ ಎನ್ನುತ್ತದೆ. ಅಡುಗೆ, ಶೈತ್ಯ ಪೆಟ್ಟಿಗೆ, ಸ್ವಯಂಪೂರ್ಣ ಶೌಚ, ಬಿಸಿ ಅಥವಾ ತಂಪು ಮಾಡುವ ಯಂತ್ರ, ನಲ್ಲಿ ತೊಟ್ಟಿ ಸಮೇತ ಕುಡಿಯುವ ನೀರು, ಮತ್ತು ಪ್ರತ್ಯೇಕ ವಿದ್ಯುತ್ತು ಅಥವಾ ಗ್ಯಾಸು. ರೋಸಿನಾಂಟೆ ಮೊದಲ ನಾಲ್ಕರಲ್ಲೇ ಪಾಸು. ಆದಾಯ ತೆರಿಗೆಯವರಿಗೆ ಮೂರೇ ಸಾಕು. ಮಲಗುವ, ಅಡುಗೆ ಮಾಡುವ, ಶೌಚಕ್ಕೆ ಹೋಗುವ ವ್ಯವಸ್ಥೆ ಇದ್ದರೆ, ಅದನ್ನು ಒತ್ತೆಯಿಟ್ಟು ತಂದ ಸಾಲದ ಬಡ್ಡಿಗೆ ಎರಡನೇ ಮನೆಯ ವಿನಾಯಿತಿ ಕೇಳಲು ದೋಣಿಗೂ ಅವಕಾಶವುಂಟು. ಅಲ್ಲೂ ರೋಸಿನಾಂಟೆ ಪಾಸು. ಕ್ಯಾಲಿಫೋರ್ನಿಯಾದ ನೋಂದಣಿ ಕಿಟಕಿಯಲ್ಲಿ ಮಾತ್ರ ಈ ಅಂಕಪಟ್ಟಿಗಳೆಲ್ಲ ಪಕ್ಕಕ್ಕೆ. ಅಲ್ಲಿಯ ಪ್ರಶ್ನೆ ಬೋಲ್ಟಿನದು. ಒಂದೇ ಗಾಡಿ ಒಂದು ಕಚೇರಿಯಲ್ಲಿ ಮನೆ, ಇನ್ನೊಂದರಲ್ಲಿ ಮೂಟೆ ಎನಿಸಿಕೊಂಡರೆ ಸಿಟ್ಟಾಗಬೇಡಿ. ಸುರಕ್ಷತೆಯವರಿಗೆ ಕಾರ್ಖಾನೆಯ ಚಿಂತೆ, ತೆರಿಗೆಯವರಿಗೆ ಸಾಲದ ಚಿಂತೆ, ಡಿಎಂವಿಗೆ ನಾಳೆ ಈ ಟ್ರಕ್ಕು ಏನು ಹೊರುತ್ತದೆ ಎಂಬ ಚಿಂತೆ.

ರಾಜ್ಯದ ಗಡಿ ದಾಟಿದರೆ ಮಾತು ಮತ್ತೆ ತಿರುಗುತ್ತದೆ. ಐ-5 ಹೆದ್ದಾರಿ ಹಿಡಿದು ಸಿಸ್ಕಿಯೂ ಘಟ್ಟ ಹತ್ತಿ ಆರೆಗಾನಿಗೆ ಇಳಿದರೆ, ಅಲ್ಲಿ ಕ್ಯಾಂಪರಿಗೇ ಸ್ವಂತ ಹಕ್ಕುಪತ್ರ, ಸ್ವಂತ ನೋಂದಣಿ. ಟ್ರಕ್ಕು ಬೇರೆ, ಕ್ಯಾಂಪರು ಬೇರೆ. ಒಂದೇ ಮನೆಯ ಎರಡು ಪಡಿತರ ಚೀಟಿ. ಆದರೆ ಚಾಸಿಗೇ ಶಾಶ್ವತವಾಗಿ ಜೋಡಿಸಿದ್ದಾದರೆ ಆರೆಗಾನೂ ಅದನ್ನು ಮೋಟರ್‌ಹೋಮ್ ಎಂದು ಒಪ್ಪುತ್ತದೆ. ಕೊಲಂಬಿಯಾ ನದಿಯ ಸೇತುವೆ ದಾಟಿ ವಾಷಿಂಗ್ಟನ್ ಸೇರಿದವರಿಗೆ ಬಾಗಿಲು ಕಿರಿದು. ಅಲ್ಲಿಯ ಕಾನೂನು ಮೋಟರ್‌ಹೋಮಿನ ವ್ಯಾಖ್ಯೆ ಬರೆದು, ಪ್ರತ್ಯೇಕವಾಗಿ ತಯಾರಿಸಿ ವಾಹನಕ್ಕೆ ಜೋಡಿಸಿದ ಕ್ಯಾಂಪರು ಮತ್ತು ಅಂಥವನ್ನು ಅದರಿಂದ ಹೊರಗಿಟ್ಟಿದೆ. ಸಿಯಾಟಲ್‌ನ ಗೆಳೆಯರು ಸ್ಯಾನ್ ಹೋಸೆಯ ಗೆಳೆಯರ ಮಾತು ನಂಬಿಕೊಂಡು ವೆಲ್ಡರನ್ನು ಕರೆಸುವ ಮುನ್ನ ಈ ಸಾಲನ್ನು ಇನ್ನೊಮ್ಮೆ ಓದಿಕೊಳ್ಳಲಿ. ಪ್ರವಾಸ ಹೊರಟವರು ಇದಕ್ಕೆಲ್ಲ ಗಾಬರಿಯಾಗಬೇಕಿಲ್ಲ. ತವರು ರಾಜ್ಯದ ನೋಂದಣಿ ಸರಿಯಿದ್ದರೆ ದಾರಿಯ ರಾಜ್ಯಗಳು ಅದನ್ನು ಮನ್ನಿಸುತ್ತವೆ. ಊರು ಬದಲಿಸಿ ನೆಲೆಸುವವರಿಗಷ್ಟೇ ಈ ತಲೆನೋವು.

ಇಷ್ಟೆಲ್ಲ ಭೇದ ಮಾಡುವ ದೇಶದಲ್ಲೇ, ರಾಜ್ಯಗಳು ಇಂಧನ ತೆರಿಗೆ ಹಂಚಿಕೊಳ್ಳುವ ಐಎಫ್‌ಟಿಎ ಒಪ್ಪಂದ ಮೋಟರ್‌ಹೋಮು, ಕ್ಯಾಂಪರ್ ಜೋಡಿಸಿದ ಪಿಕಪ್ಪು, ಸ್ವಂತ ವಿಹಾರದ ಬಸ್ಸು ಮೂರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿ ವಿಹಾರ ವಾಹನ ಎಂದುಬಿಟ್ಟಿದೆ. ಬೋಲ್ಟಿನ ಮಾತೇ ಇಲ್ಲ.

ಕಾಗದ ಬದಲಾದರೂ ಬದಲಾಗದ ಸಂಗತಿಗಳಿವೆ. ಈ ಪತ್ರ ಬರೆಯಲು ನಿಜವಾದ ಕಾರಣವೂ ಅವೇ. ಫಲಕದ ಚರ್ಚೆಗೆ ಎರಡು ತಾಸು ಕೊಡುವವರು ಚಾಲಕನ ಬಾಗಿಲ ಚೌಕಟ್ಟಿಗೆ ಅಂಟಿಸಿರುವ ಚೀಟಿಯನ್ನು ಓದಲು ಎರಡು ನಿಮಿಷ ಕೊಡುವುದಿಲ್ಲ. ಟ್ರಕ್ಕು ಎಲ್ಲ ಸೇರಿ ಎಷ್ಟು ತೂಗಬಹುದು ಎಂಬ ಜಿವಿಡಬ್ಲ್ಯುಆರ್ ಅಂಕಿ ಅಲ್ಲಿದೆ. ಹೌಸ್ ಕಾರ್ ಎಂದು ಬರೆಸಿದರೆ ಆ ಅಂಕಿ ಒಂದು ಪೌಂಡೂ ಏರುವುದಿಲ್ಲ. ಅರ್ಧ ಟನ್ ದರ್ಜೆಯ ಪಿಕಪ್ಪುಗಳು ಸಾಮಾನ್ಯವಾಗಿ ಹೊರಬಲ್ಲದ್ದು ಒಂದೂವರೆ ಎರಡು ಸಾವಿರ ಪೌಂಡು. ಗಟ್ಟಿಗೋಡೆಯ ಕ್ಯಾಂಪರುಗಳು ಸಾಮಾನ್ಯವಾಗಿ ಎರಡು ಸಾವಿರದಿಂದ ಶುರುವಾಗಿ ನಾಲ್ಕು ಸಾವಿರ ದಾಟುತ್ತವೆ. ಮಾರುವವರು ಹೇಳುವುದು ಒಣ ತೂಕ. ಮೂವತ್ತು ಗ್ಯಾಲನ್ ನೀರು ತುಂಬಿದರೆ 250 ಪೌಂಡು. ಆಮೇಲೆ ಗ್ಯಾಸು, ಬ್ಯಾಟರಿ, ಮಕ್ಕಳು, ಸೋನಾ ಮಸೂರಿಯ ಚೀಲ, ಕುಕ್ಕರು, ಅಜ್ಜಿ ಕೊಟ್ಟು ಕಳಿಸಿದ ಒರಳು. ತಳ್ಳಿಕೊಂಡು ಕೂರಿಸುವ ಇಂಥ ಕ್ಯಾಂಪರುಗಳಿಗೆಂದೇ ಒಕ್ಕೂಟದ ನಿಯಮವೊಂದಿದೆ. ಟ್ರಕ್ಕು ಎಷ್ಟು ಹೊರಬಲ್ಲದು, ಹೊರೆಯ ಗುರುತ್ವಕೇಂದ್ರ ಎಲ್ಲಿಂದ ಎಲ್ಲಿಯವರೆಗೆ ಬೀಳಬಹುದು ಎಂಬುದನ್ನು ಕಂಪನಿ ತಿಳಿಸಲೇಬೇಕು. ಕೈಪಿಡಿಯೊಳಗೆ ಮಡಿಸಿಟ್ಟ ಆ ಹಾಳೆಯ ಪ್ಲಾಸ್ಟಿಕ್ಕನ್ನೂ ಬಿಚ್ಚದವರು ನಮ್ಮಲ್ಲಿ ಬಹಳ. ಗಾಡಿಯ ಮೂಕಿಗೆ ಭಾರ ಬಿದ್ದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ, ಹಿಂದಕ್ಕೆ ಬಿದ್ದರೆ ನೊಗ ಮೇಲೇಳುತ್ತದೆ ಎಂದು ಗೊತ್ತಿದ್ದ ಮನೆತನದವರೇ ಇವರು.

ಹಿಂದೆ ಮಲಗಿಕೊಂಡು ಪ್ರಯಾಣ ಮಾಡುವ ಆಸೆಗೂ ಷರತ್ತಿದೆ. ಕ್ಯಾಂಪರಿನೊಳಗೆ ಜನರಿದ್ದರೆ, ಒಳಗಿನಿಂದಲೂ ಹೊರಗಿನಿಂದಲೂ ತೆರೆಯಬಲ್ಲ, ಅಡ್ಡಿಯಿಲ್ಲದ ಒಂದು ಬಾಗಿಲಾದರೂ ಇರಲೇಬೇಕು ಎನ್ನುತ್ತದೆ ಕ್ಯಾಲಿಫೋರ್ನಿಯಾದ 23129ನೇ ಕಲಮು. ಹಿಂಬಾಗಿಲಿಗೆ ಸೈಕಲ್ ಸ್ಟ್ಯಾಂಡು ಬಿಗಿದವರು ಇದನ್ನು ಗಮನಿಸಿ.

ಬೀದಿಯಲ್ಲಿ ನಿಲ್ಲಿಸುವ ವಿಷಯದಲ್ಲಂತೂ ನೋಂದಣಿ ಪತ್ರ ನೆರವಿಗೆ ಬರುವುದಿಲ್ಲ. ಮೌಂಟನ್ ವ್ಯೂ ನಗರದ ಮತದಾರರು 2020ರ ನವೆಂಬರಿನಲ್ಲಿ ಒಪ್ಪಿದ ಮೆಷರ್ ಸಿ ಪ್ರಕಾರ, 40 ಅಡಿ ಅಥವಾ ಅದಕ್ಕಿಂತ ಕಿರಿದಾದ ಬೀದಿಗಳಲ್ಲಿ ದೊಡ್ಡ ವಾಹನಗಳನ್ನು ನಿಲ್ಲಿಸುವಂತಿಲ್ಲ. ದೊಡ್ಡದು ಅಂದರೆ 22 ಅಡಿ ಉದ್ದ, ಇಲ್ಲವೇ ಏಳು ಅಡಿ ಅಗಲ ಅಥವಾ ಎತ್ತರ ಮೀರಿದ್ದು. ಕ್ಯಾಂಪರ್ ಹೊತ್ತ ಪಿಕಪ್ಪು ಎತ್ತರದಲ್ಲೇ ಸಿಕ್ಕಿಬೀಳುತ್ತದೆ. ಅಳತೆ ಪಟ್ಟಿಗೆ ಅದು ಟ್ರಕ್ಕೋ ಮೋಟರ್‌ಹೋಮೋ ಎಂಬ ಗೊಡವೆಯಿಲ್ಲ. ವಸತಿ ಸಂಘದವರ ಕಾಟವೂ ಅಷ್ಟೇ. ವಾಣಿಜ್ಯ ವಾಹನ ಬೇಡ ಎನ್ನುವ ಸಂಘಗಳಲ್ಲಿ ಅನೇಕವು ಅದರ ಮುಂದಿನ ಸಾಲಿನಲ್ಲೇ ವಿಹಾರ ವಾಹನವೂ ಬೇಡ ಎಂದು ಬರೆದಿರುತ್ತವೆ. ಅತ್ತ ದರಿ, ಇತ್ತ ಪುಲಿ.

ಹಾಗಾದರೆ ಮೋಟರ್‌ಹೋಮ್ ಎಂದು ಬರೆಸಿಕೊಳ್ಳಲೇಬೇಕಾದವರು ಯಾರೂ ಇಲ್ಲವೇ? ಇದ್ದಾರೆ. ಸೇನೆ ಹರಾಜಿಗಿಟ್ಟ ಹಳೆಯ ಲಾರಿಯನ್ನೋ, ಪೆಟ್ಟಿಗೆ ಲಾರಿಯನ್ನೋ ಕೊಂಡು, ಚಾಸಿಯ ಮೇಲೆ ಮನೆಯನ್ನೇ ಕಟ್ಟಿ ನಿಲ್ಲಿಸುವ ಹುಚ್ಚು ಹಿಡಿದವರು. ಕ್ಯಾಲಿಫೋರ್ನಿಯಾದಲ್ಲಿ 14,000 ಪೌಂಡು ಜಿವಿಡಬ್ಲ್ಯುಆರ್ ಮೀರಿದ ಡೀಸೆಲ್ ಲಾರಿಗಳಿಗೆ 2023ರ ಜನವರಿ 1ರಿಂದ 2010 ಅಥವಾ ಅದರ ನಂತರದ ಮಾದರಿಯ ಎಂಜಿನ್ನೇ ಬೇಕು. ನಿಯಮ ಮೀರಿದ ಲಾರಿಗೆ ಡಿಎಂವಿ ನೋಂದಣಿಯನ್ನೇ ಕೊಡುವುದಿಲ್ಲ. ಖಾಸಗಿ ಬಳಕೆಯ ಮೋಟರ್‌ಹೋಮಿಗೆ ಆ ನಿಯಮದಿಂದ ವಿನಾಯಿತಿಯಿದೆ. ಅಂಥವರಿಗೆ ದೇಹ ಬದಲಾವಣೆಯ ಕಾಗದ ಒಂಬತ್ತು ಡಾಲರಿನ ಪ್ರಶ್ನೆಯಲ್ಲ, ಗಾಡಿ ರಸ್ತೆಗಿಳಿಯುತ್ತದೋ ಇಲ್ಲವೋ ಎಂಬ ಪ್ರಶ್ನೆ. ಹೊಗೆ ತಪಾಸಣೆ ಅವರಿಗೂ ತಪ್ಪಿದ್ದಲ್ಲ. ಆದರೆ ಇಲ್ಲಿ ಮನೆ ನಿಜವಾಗಿಯೂ ಚಾಸಿಗೆ ಅಂಟಿದೆ; ಇಳಿಸಬೇಕೆಂದರೆ ಕ್ರೇನ್ ಬೇಕು. ಕಾನೂನು ಬರೆದವರ ಮನಸ್ಸಿನಲ್ಲಿದ್ದ 'ಶಾಶ್ವತ' ಇಂಥದ್ದು. ಇವರು ರೆಗ್ 343 ಅರ್ಜಿ, ರೆಗ್ 31 ವಾಹನ ಪರಿಶೀಲನೆ, ರೆಗ್ 256, ತೂಕದ ಚೀಟಿ, ನಾಲ್ಕು ದಿಕ್ಕಿನ ಫೋಟೋ ಎಲ್ಲ ಜೋಡಿಸಿಕೊಂಡು ಹೋಗಲಿ. ಒಂದೇ ಸಲಕ್ಕೆ ಕೆಲಸ ಮುಗಿಯುತ್ತದೆಂಬ ಭ್ರಮೆ ಮಾತ್ರ ಬೇಡ.

ಚಾಪೆ ಕೆಳಗೆ ತೂರುವವರಿಗೆ ರಂಗೋಲಿ ಕೆಳಗಿನ ದಾರಿ ತೋರಿಸುವವರೂ ಇದ್ದಾರೆ. ಮೊಂಟಾನಾದಲ್ಲಿ ಮಾರಾಟ ತೆರಿಗೆ ಇಲ್ಲ, ಅಲ್ಲೊಂದು ಕಾಗದದ ಕಂಪನಿ ತೆರೆದು ಅದರ ಹೆಸರಿಗೆ ಗಾಡಿ ಬರೆಸಿ ಎಂಬ ಸಲಹೆ ನಿಮ್ಮ ಕಿವಿಗೂ ಬಿದ್ದಿರಬೇಕು. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದವರು ಹೊರಗಿನ ವಾಹನವನ್ನು 20 ದಿನದೊಳಗೆ ಅಲ್ಲಿ ನೋಂದಾಯಿಸಬೇಕು. ಪರರಾಜ್ಯದ ಫಲಕ ಹೊತ್ತು ವರ್ಷಗಟ್ಟಲೆ ಒಂದೇ ಅಂಗಳದಲ್ಲಿ ನಿಂತ ಗಾಡಿಗಳ ಬಗ್ಗೆ ನೆರೆಹೊರೆಯವರು ದೂರು ಕೊಡಲೆಂದೇ ಅಲ್ಲಿಯ ಹೆದ್ದಾರಿ ಪೊಲೀಸರು 2004ರಲ್ಲಿ ಒಂದು ಕಾರ್ಯಕ್ರಮ ಶುರುಮಾಡಿದರು; ಅದರ ಚುಟುಕು ಹೆಸರು ಚೀಟರ್ಸ್. ಹೆಸರಿಟ್ಟವರ ಹಾಸ್ಯಪ್ರಜ್ಞೆ ಮೆಚ್ಚತಕ್ಕದ್ದು. ವೀಸಾದ ಮೇಲೋ ಗ್ರೀನ್ ಕಾರ್ಡಿನ ಸಾಲಿನಲ್ಲೋ ಇರುವವರು ಆ ಪಟ್ಟಿಯಲ್ಲಿ ಹೆಸರು ಬರೆಸಿಕೊಳ್ಳುವ ಉಮೇದು ತೋರದಿರುವುದು ಒಳ್ಳೆಯದು.

ನಿಮ್ಮಲ್ಲಿ ಕೆಲವರು ಊರಿಗೆ ಮರಳಿ ಇದೇ ಕನಸನ್ನು ಬೆಂಗಳೂರಿನಲ್ಲಿ ಮುಂದುವರಿಸುವ ಯೋಚನೆಯಲ್ಲಿದ್ದೀರಿ. ಇಲ್ಲಿಯ ಬೇಲಿ ಇನ್ನೂ ಎತ್ತರ. ಭಾರತದ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ಮಾಲೀಕರು ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿ ಬಂದ ಮೇಲೆ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ಸ್ವಂತ ಬಳಕೆಯ ಕ್ಯಾಂಪರ್ ವ್ಯಾನಿಗೆ 2004ರ ನವೆಂಬರಿನ ಕೇಂದ್ರದ ಅಧಿಸೂಚನೆಯಲ್ಲಿ ಸಾರಿಗೇತರ ವರ್ಗದಲ್ಲಿ ಜಾಗವಿದೆ, ಮೋಟರ್ ಕ್ಯಾರವಾನಿಗೆಂದು ಎಐಎಸ್-124 ಎಂಬ ಮಾನದಂಡವೂ ಇದೆ. ಅಂದರೆ ಹಾದಿ ಇರುವುದು ಪರೀಕ್ಷೆಗೊಳಪಟ್ಟು ಪ್ರಮಾಣೀಕೃತವಾದ ಗಾಡಿಗೆ. ಶಿವಾಜಿನಗರದ ಗುಜರಿಯಲ್ಲಿ ಬೆಸುಗೆ ಹಾಕಿಸಿ ಆಮೇಲೆ ಆರ್‌ಟಿಓ ಬಾಗಿಲು ತಟ್ಟುವವರಿಗಲ್ಲ. ಇನ್ನೊಂದು ಮಾತು: ಬೊಲೆರೊ ಕ್ಯಾಂಪರ್ ಎಂಬ ಹೆಸರು ನೋಡಿ ಮೋಸಹೋಗಬೇಡಿ. ಅದು ಎರಡು ಸಾಲು ಸೀಟಿನ ಪಿಕಪ್ಪು. ಹೆಸರು ಕ್ಷೀರಸಾಗರ, ಒಳಗೆ ಮಲಗಲು ಮಂಚವಿಲ್ಲ.

ವರ್ಷಕ್ಕೆ ನಾಲ್ಕು ಸಲ ಯೊಸೆಮಿಟಿ, ಎರಡು ಸಲ ರೆಡ್‌ವುಡ್ ಕಾಡು, ಉಳಿದ ದಿನ ಟ್ರಕ್ಕಿಗೆ ಬೇರೆ ಕೆಲಸ ಎನ್ನುವವರು ಅದನ್ನು ಟ್ರಕ್ಕಾಗಿಯೇ ಇರಲು ಬಿಡಿ. ಕ್ಯಾಂಪರ್ ಹೊರೆಯಾಗಿರಲಿ, ವಾಣಿಜ್ಯ ಫಲಕ ಇರಲಿ, ವಿಮೆಯವರಿಗೆ ಮಾತ್ರ ಕ್ಯಾಂಪರಿನ ವಿಷಯ ಲಿಖಿತವಾಗಿ ತಿಳಿಸಿ. ಇಳಿಸುವ ಪ್ರಶ್ನೆಯೇ ಇಲ್ಲ, ಇದೇ ನಮ್ಮ ಮನೆ ಎನ್ನುವವರು ಮೋಟರ್‌ಹೋಮ್ ಎಂದು ಬರೆಸಿಕೊಳ್ಳಿ. ಎರಡನೆಯ ಗುಂಪಿನವರು ಕೈಬೆರಳೆಣಿಕೆಯಷ್ಟು.

ಯಾವ ಗುಂಪಿನವರಾದರೂ ಸರಿ, ಡಿಎಂವಿ ಸಮಯ ಕಾದಿರಿಸುವ ಮುನ್ನ ಒಂದು ಕೆಲಸ ಮಾಡಿ. ಹೆದ್ದಾರಿ ಬದಿಯ ಟ್ರಕ್ ಸ್ಟಾಪುಗಳಲ್ಲಿ ತೂಕದ ಕಟ್ಟೆಗಳಿರುತ್ತವೆ. ಖಾಲಿ ಟ್ರಕ್ಕನ್ನು ಒಮ್ಮೆ, ನೀರು, ಗ್ಯಾಸು, ಮನೆಮಂದಿಯ ಸಮೇತ ಕ್ಯಾಂಪರ್ ಹೊತ್ತ ಟ್ರಕ್ಕನ್ನು ಇನ್ನೊಮ್ಮೆ ಅಲ್ಲಿ ನಿಲ್ಲಿಸಿ ತೂಗಿಸಿ, ಎರಡನೆಯ ಚೀಟಿಯನ್ನು ಬಾಗಿಲ ಚೌಕಟ್ಟಿನ ಅಂಕಿಯ ಪಕ್ಕದಲ್ಲಿ ಹಿಡಿದು ನೋಡಿ.